ಯಾರೂ ಓದದ ಮೊದಲ ಪುಟ

ಮಿಕ್ಸಿ ತಗೊಳ್ಳಿ, ಗೀಸರ್ ತಗೊಳ್ಳಿ, ಡಬ್ಬದೊಳಗೆ ಒಂದು ಪುಸ್ತಕ ಇದ್ದೇ ಇರುತ್ತೆ. ಅದರ ಮೊದಲ ಪುಟದಲ್ಲಿ ತ್ರಿಕೋನದೊಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದಷ್ಟು 'ಬೇಡಿ'ಗಳು. ಹಾಗೆ ಮಾಡಬೇಡಿ, ಹೀಗೆ ಮುಟ್ಟಬೇಡಿ, ಅಲ್ಲಿ ಇಡಬೇಡಿ. ನಾವು ಐಟಿಯವರು 'ಐ ಅಗ್ರೀ' ಒತ್ತಿ ಒತ್ತಿ ಬೆಳೆದವರು. ಆ ಪುಟವನ್ನ ನಾವು ಓದೋದುಂಟಾ?

ಹ್ಯಾಮ್ ರೇಡಿಯೋದವರು ಕೈಯಲ್ಲಿ ಹಿಡಿದು ಮಾತಾಡೋ ಪುಟ್ಟ ರೇಡಿಯೋ ಇದೆಯಲ್ಲ, ಅದರ ಪುಸ್ತಕದಲ್ಲೂ ಇಂಥದ್ದೊಂದು ಪುಟ ಇರುತ್ತೆ. ಯಾವ ಕಂಪನಿಯದ್ದೇ ಆಗಲಿ, ಹೆಚ್ಚುಕಮ್ಮಿ ಅದೇ ನಾಲ್ಕು ಮಾತು. ಪ್ರಸಾರ ಮಾಡುವಾಗ ಆಂಟೆನಾ ಮುಖಕ್ಕೆ, ಕಣ್ಣಿಗೆ ತಾಗಬಾರದು. ಬೆಂಕಿ ಹೊತ್ತಿಕೊಳ್ಳೋ ಅನಿಲ ಇರುವಲ್ಲಿ, ಬಂಡೆ ಸಿಡಿಸುವಲ್ಲಿ ಬಳಸಬಾರದು. ಕಂಪನಿ ಹೇಳಿದ ಬ್ಯಾಟರಿ ಬಿಟ್ಟು ಬೇರೆಯದು ಹಾಕಬಾರದು. ಲೈಸೆನ್ಸ್ ಇಲ್ಲದೆ ಮಾತಾಡಬಾರದು.

ಇದೆಲ್ಲ ಯಾರೋ ವಕೀಲರು ಕೂತು ಬರೆಸಿದ್ದು ಅಂತ ನಾನೂ ಅಂದುಕೊಂಡಿದ್ದೆ. ಒಂದೊಂದೇ ಮಾತಿನ ಬೆನ್ನು ಹತ್ತಿ ಹೋದಾಗ ಒಂದೊಂದರ ಹಿಂದೂ ಒಂದೊಂದು ಕಾಲ, ಒಂದೊಂದು ಊರು ಸಿಕ್ತು. ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಈ ಯಂತ್ರ ಬಂದದ್ದೆಲ್ಲಿಂದ ಅನ್ನೋದು. 1937ರಲ್ಲಿ ಕೆನಡಾದ ಡೊನಾಲ್ಡ್ ಹಿಂಗ್ಸ್ ಅನ್ನುವವರು ಕಾಡುಮೇಡಿನ ಮೇಲೆ ಹಾರಾಡುವ ಪೈಲಟ್‌ಗಳಿಗಾಗಿ ಹೊತ್ತೊಯ್ಯಬಲ್ಲ ರೇಡಿಯೋ ಮಾಡಿದರು. ಮರುವರ್ಷ ಅಮೆರಿಕದಲ್ಲಿ ಆಲ್ ಗ್ರಾಸ್ ಎಂಬ ಹುಡುಗ, ಅವನೂ ಹ್ಯಾಮ್, ತನ್ನದೇ ಒಂದು ವಾಕಿಟಾಕಿ ಕಟ್ಟಿದ. ಅಷ್ಟರಲ್ಲಿ ಯುದ್ಧ ಬಂತು. 1941ರ ಹೊತ್ತಿಗೆ ಗ್ಯಾಲ್ವಿನ್ ಕಂಪನಿ (ಮುಂದೆ ಮೋಟೊರೋಲಾ ಆದದ್ದು ಇದೇ) ಎಸ್‌ಸಿಆರ್-536 ಅನ್ನೋ ಕೈರೇಡಿಯೋ ತಯಾರಿಸಿತು. ತೂಕ ಎರಡು ಕಿಲೋಗೂ ಮೇಲೆ. ಒಳಗೆ ಐದು ವಾಲ್ವ್, ಅವುಗಳಿಗೆ ನೂರು ವೋಲ್ಟ್‌ಗೂ ಮಿಕ್ಕಿದ ಬ್ಯಾಟರಿ. ಆಂಟೆನಾ ಹೊರಗೆಳೆದರೆ ಆನ್, ಒಳಗೆ ತಳ್ಳಿದರೆ ಆಫ್. 1944ರ ಜೂನ್‌ನಲ್ಲಿ ನಾರ್ಮಂಡಿಯ ದಡದಲ್ಲಿ ಇಳಿದ ಸೈನಿಕರ ಕೈಯಲ್ಲಿದ್ದದ್ದು ಇದೇ.

ಆಗ ಈ ರೇಡಿಯೋದಿಂದ ಇದ್ದ ದೊಡ್ಡ ಅಪಾಯ ಯಾವುದು ಗೊತ್ತಾ? ಕಾಣಿಸಿಕೊಳ್ಳೋದು. ಆಂಟೆನಾ ಕಂಡ ಕಡೆ ಅಧಿಕಾರಿ ಇರ್ತಾನೆ ಅಂತ ಎದುರಾಳಿಗೂ ಗೊತ್ತಿತ್ತು. ವಿಕಿರಣ ಅಂತ ತಲೆ ಕೆಡಿಸಿಕೊಳ್ಳೋ ಪುರುಸೊತ್ತು ಯಾರಿಗಿತ್ತು? ಅದರ ಅಗತ್ಯವೂ ಅಷ್ಟಿರಲಿಲ್ಲ. ಅದು ಹೊರಹಾಕುತ್ತಿದ್ದದ್ದು ಸುಮಾರು 0.36 ವ್ಯಾಟ್. ಇವತ್ತು ಕೆಲವೇ ಸಾವಿರ ರೂಪಾಯಿಗೆ ಸಿಗುವ, ಜೇಬಿಗೆ ಹಿಡಿಸುವ ರೇಡಿಯೋ 5 ವ್ಯಾಟ್ ಹೊರಹಾಕುತ್ತೆ. ಲೆಕ್ಕ ಹಾಕಿ, ಸುಮಾರು ಹದಿನಾಲ್ಕು ಪಟ್ಟು.

ಇಲ್ಲಿಂದ ಪುಟದ ಮೊದಲ ಮಾತಿಗೆ ಬರೋಣ. ರೇಡಿಯೋ ಅಲೆ ಮೈಯನ್ನ ಬಿಸಿ ಮಾಡುತ್ತೆ ಅನ್ನೋದು ಯುದ್ಧ ಮುಗಿಯೋ ಹೊತ್ತಿಗೆ ಎದ್ದು ಕಂಡಿತು. ರೇತಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿದ ಕಥೆ ನೀವೂ ಕೇಳಿರ್ತೀರಿ. ಅದರಿಂದ ಮೈಕ್ರೋವೇವ್ ಒಲೆ ಹುಟ್ಟಿತು. ಮಿಠಾಯಿ ಕರಗೋದಾದರೆ ಪಕ್ಕದಲ್ಲಿ ನಿಂತ ಮನುಷ್ಯನ ಗತಿ ಏನು ಅನ್ನೋ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿತು. 1953ರಲ್ಲಿ ಹರ್ಮನ್ ಶ್ವಾನ್ ಎಂಬ ವಿಜ್ಞಾನಿ ಒಂದು ಮಿತಿ ಸೂಚಿಸಿದರು: ಮೈಯ ಒಂದು ಚದರ ಸೆಂಟಿಮೀಟರ್ ಮೇಲೆ 10 ಮಿಲಿವ್ಯಾಟ್‌ಗಿಂತ ಹೆಚ್ಚು ಬೀಳಬಾರದು. 1966ರಲ್ಲಿ ಅಮೆರಿಕದ ಮೊದಲ ಮಾನದಂಡವೂ ಅದೇ ಅಂಕಿಯನ್ನ ಇಟ್ಟುಕೊಂಡಿತು.

ಆದರೆ ಎಲ್ಲ ಅಲೆಗೂ ಒಂದೇ ಅಂಕಿ ಸಾಲದು. ನಮ್ಮ ಮೈಯೂ ಒಂದು ಆಂಟೆನಾ ಇದ್ದ ಹಾಗೆ. ಉದ್ದಕ್ಕೆ ಹೊಂದುವ ಅಲೆ ಬಂದರೆ ಹೆಚ್ಚು ಹೀರಿಕೊಳ್ಳುತ್ತೆ, ಹೊಂದದಿದ್ದರೆ ಕಮ್ಮಿ. ಹಾಗಾಗಿ 1982ರ ಹೊಸ ಮಾನದಂಡ ಒಂದೊಂದು ಆವರ್ತನಕ್ಕೆ ಒಂದೊಂದು ಮಿತಿ ಹಾಕಿತು. 1996ರಲ್ಲಿ ಅಮೆರಿಕದ ಎಫ್‌ಸಿಸಿ ಇನ್ನಷ್ಟು ಬಿಗಿ ಮಾಡಿತು. ಅದರ ಪಟ್ಟಿಯಲ್ಲಿ ಅತಿ ಕಟ್ಟುನಿಟ್ಟಿನ ಮಿತಿ ಇರೋದು 30ರಿಂದ 300 ಮೆಗಾಹರ್ಟ್ಸ್ ನಡುವೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳು ಕೈರೇಡಿಯೋದಲ್ಲಿ ಹೆಚ್ಚು ಮಾತಾಡೋದು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ. ಸರಿಯಾಗಿ ಆ ಜಾಗಕ್ಕೇ ಬಂದು ಕೂತಿದೆ.

ಕಣ್ಣಿನ ಮಾತು ಯಾಕೆ ಬಂತು ಅಂದ್ರೆ, ಮೈಯ ಬೇರೆ ಭಾಗ ಬಿಸಿಯಾದರೆ ರಕ್ತ ಹರಿದು ಆ ಬಿಸಿಯನ್ನ ಹೊತ್ತೊಯ್ಯುತ್ತೆ. ನಮ್ಮೂರಲ್ಲಿ ಪಂಪ್‌ಸೆಟ್ ಎಂಜಿನ್ನಿಗೆ ನೀರು ಹಾಯಿಸಿ ತಣ್ಣಗೆ ಮಾಡ್ತಿದ್ರಲ್ಲ, ಹಾಗೆ. ಕಣ್ಣಿನ ಮಸೂರಕ್ಕೆ ಆ ರಕ್ತದ ಹರಿವು ಇಲ್ಲ. ಅದಕ್ಕೇ ಕಣ್ಣಿನ ಮುಂದೆ ಆಂಟೆನಾ ಬೇಡ ಅಂತಾರೆ. ಇನ್ನು ಕ್ಯಾನ್ಸರ್ ಪ್ರಶ್ನೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಯನ್ನ 2ಬಿ ಗುಂಪಿಗೆ ಸೇರಿಸಿತು. ಅಂದ್ರೆ 'ಇರಬಹುದು' ಅನ್ನುವ ಗುಂಪು, ಸಾಬೀತಾದದ್ದರ ಗುಂಪು ಬೇರೆ ಇದೆ. ಹೆದರಿ ಓಡೋ ಅಗತ್ಯ ಇಲ್ಲ. ಹಾಗಂತ ಆಂಟೆನಾವನ್ನ ಕೆನ್ನೆಗೆ ಒತ್ತಿ ಹಿಡಿದು ಅರ್ಧ ಗಂಟೆ ಹರಟೋ ಅಗತ್ಯವೂ ಇಲ್ಲ.

ಮಾಡಬೇಕಾದ್ದು ಸುಲಭ. ರೇಡಿಯೋವನ್ನ ಬಾಯಿಂದ ನಾಲ್ಕು ಬೆರಳು ದೂರ, ನೆಟ್ಟಗೆ ಹಿಡೀರಿ. ದೂರ ಹೆಚ್ಚಿದಷ್ಟೂ ಮೈಗೆ ಬೀಳೋದು ಬೇಗ ಇಳಿಯುತ್ತೆ. ಹತ್ತಿರದವರ ಹತ್ರ ಮಾತಾಡೋಕೆ 'ಲೋ' ಪವರ್ ಸಾಕು, ಬ್ಯಾಟರಿಯೂ ಉಳಿಯುತ್ತೆ. ಹೇಳೋದನ್ನ ಚುಟುಕಾಗಿ ಹೇಳಿ ಗುಂಡಿ ಬಿಡಿ. ಸೊಂಟಕ್ಕೆ ಸಿಗಿಸಿಕೊಂಡು ಮಾತಾಡೋದಾದರೆ ಆಂಟೆನಾ ಮೈಗೆ ಒತ್ತಿಕೊಂಡಿರುತ್ತೆ, ನೆನಪಿರಲಿ.

ಎರಡನೇ ಮಾತು, ಅನಿಲದ್ದು. ಇದರ ಬೇರು ಇರೋದು ವೇಲ್ಸ್‌ನ ಸೆಂಗೆನಿತ್ ಎಂಬ ಕಲ್ಲಿದ್ದಲು ಗಣಿಯೂರಿನಲ್ಲಿ. 1913ರ ಅಕ್ಟೋಬರ್ 14ರ ಬೆಳಿಗ್ಗೆ ಅಲ್ಲಿ ನೆಲದಡಿ ಸ್ಫೋಟವಾಗಿ 439 ಗಣಿ ಕಾರ್ಮಿಕರು ಸತ್ತರು. ರಕ್ಷಿಸಲು ಇಳಿದ ಒಬ್ಬರೂ ಸತ್ತರು. ಕಾರಣ ಇದೇ ಅಂತ ಖಚಿತವಾಗಲಿಲ್ಲ. ಆದರೆ ಅನುಮಾನ ಹೋದದ್ದು ಒಂದು ಗಂಟೆಯ ಮೇಲೆ! ಗಣಿಯೊಳಗಿನಿಂದ ಸಂಜ್ಞೆ ಕೊಡಲು ಎರಡು ಬರಿ ತಂತಿ ಎಳೆದಿರುತ್ತಿದ್ದರು. ಅವೆರಡನ್ನ ತಾಗಿಸಿದರೆ ಇಂಜಿನ್ ಮನೆಯಲ್ಲಿ ಗಂಟೆ ಹೊಡೀತಿತ್ತು. ಬ್ಯಾಟರಿಯ ಸಣ್ಣ ವಿದ್ಯುತ್ತು, ಯಾರನ್ನೂ ಕೊಲ್ಲದ ವಿದ್ಯುತ್ತು. ಆದರೆ ತಾಗಿಸಿ ಬಿಡುವಾಗ ಹಾರೋ ಕಿಡಿ ಗಣಿಯ ಮೀಥೇನಿಗೆ ಬೆಂಕಿ ಹಚ್ಚಬಲ್ಲದು ಅಂತ ವೀಲರ್, ಥಾರ್ನ್‌ಟನ್ ಮುಂತಾದ ಸಂಶೋಧಕರು ತೋರಿಸಿದರು.

ಅಲ್ಲಿಂದ ಹುಟ್ಟಿದ ವಿಚಾರಕ್ಕೇ 'ಇಂಟ್ರಿನ್ಸಿಕ್ ಸೇಫ್ಟಿ' ಅಂತ ಹೆಸರು. ಯಂತ್ರ ಕೆಟ್ಟರೂ, ತಂತಿ ಕಿತ್ತರೂ, ಬೆಂಕಿ ಹಚ್ಚುವಷ್ಟು ಶಕ್ತಿಯೇ ಅದರಿಂದ ಹೊರಬರಬಾರದು, ಹಾಗೆ ಕಟ್ಟಬೇಕು ಅನ್ನೋದು. ರಿಫೈನರಿಯಲ್ಲಿ, ಗಣಿಯಲ್ಲಿ ಬಳಸುವ ಕೈರೇಡಿಯೋಗಳಿಗೆ ಈ ಪ್ರಮಾಣಪತ್ರ ಇರುತ್ತೆ. ಹ್ಯಾಮ್‌ಗಳು ಬಳಸೋ ಮಾಮೂಲಿ ರೇಡಿಯೋಗೆ ಅದು ಇರೋದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಗ್ಯಾಸ್ ಸೋರಿದ ಮನೆಯಲ್ಲಿ ಅದರ ಗುಂಡಿ ಒತ್ತಬಾರದು ಅನ್ನೋದು ಇದಕ್ಕೇ. ಪ್ರವಾಹ, ಭೂಕಂಪದ ಜಾಗಕ್ಕೆ ಸಹಾಯಕ್ಕೆ ಅಂತ ಹೋಗುವ ಸ್ವಯಂಸೇವಕರು ಇದನ್ನ ಮರೆಯಬಾರದು. ಕುಸಿದ ಮನೆಯೊಳಗೆ ಸಿಲಿಂಡರ್ ಹೇಗಿದೆಯೋ ಬಲ್ಲವರಾರು?

ಬಂಡೆ ಸಿಡಿಸೋ ವಿಷಯವೂ ಹೆಚ್ಚುಕಮ್ಮಿ ಇದೇ ಜಾತಿ. ಕಲ್ಲು ಕ್ವಾರಿಗಳಲ್ಲಿ ಬಳಸೋ ವಿದ್ಯುತ್ ಡಿಟೊನೇಟರಿಗೆ ಎರಡು ಉದ್ದ ತಂತಿ ಇರುತ್ತೆ. ತಂತಿ ಅಂದಮೇಲೆ ಅದೂ ಆಂಟೆನಾನೇ. ಹತ್ತಿರದಲ್ಲಿ ಯಾರಾದರೂ ಪ್ರಸಾರ ಮಾಡಿದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟಿ, ಯಾರೂ ಸ್ವಿಚ್ ಒತ್ತದೆಯೇ ಕೇಪು ಸಿಡಿಯೋ ಸಾಧ್ಯತೆ ಇದೆ. ಅಮೆರಿಕದ ರಸ್ತೆ ಬದಿಯಲ್ಲಿ 'ಟೂ ವೇ ರೇಡಿಯೋ ಆಫ್ ಮಾಡಿ' ಅನ್ನೋ ಬೋರ್ಡು ಕಂಡಿದ್ದರೆ ಅದರ ಅರ್ಥ ಇದು. ನಮ್ಮಲ್ಲಿ ಬೋರ್ಡು ಇಲ್ಲದಿರಬಹುದು, ಕ್ವಾರಿಗಳಿಗೇನು ಬರವಿಲ್ಲ. ಕೆಂಪು ಬಾವುಟ ಕಂಡರೆ ರೇಡಿಯೋ ಆಫ್ ಮಾಡಿ ದಾಟಿ ಹೋಗಿ.

ಮೂರನೇ ಮಾತು ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಮಾರುಕಟ್ಟೆಗೆ ತಂದಮೇಲೆ ಕೈರೇಡಿಯೋಗಳೂ ನಿಧಾನಕ್ಕೆ ಅದಕ್ಕೆ ಬದಲಾದವು. ಕಮ್ಮಿ ತೂಕ, ಹೆಚ್ಚು ಶಕ್ತಿ. 7.4 ವೋಲ್ಟ್, 1800 ಮಿಲಿಆಂಪ್ ಅವರ್ ಬ್ಯಾಟರಿ ಅಂದ್ರೆ ಸುಮಾರು 13 ವ್ಯಾಟ್ ಅವರ್. ಅಷ್ಟು ಶಕ್ತಿಯನ್ನ ಅಂಗೈಯಗಲದ ಡಬ್ಬಿಯಲ್ಲಿ ತುಂಬಿದ್ದೇವೆ. ಒಳಗೆ ಶಾರ್ಟ್ ಆದರೆ ಅದು ತಾನೇ ಬಿಸಿಯಾಗಿ, ಆ ಬಿಸಿಯಿಂದಲೇ ಇನ್ನಷ್ಟು ಬಿಸಿಯಾಗಿ ಉರಿದುಹೋಗುತ್ತೆ. ಊದಿಕೊಂಡ ಬ್ಯಾಟರಿಯನ್ನ ಮತ್ತೆ ಚಾರ್ಜಿಗೆ ಹಾಕಬೇಡಿ. ಸ್ಪೇರ್ ಬ್ಯಾಟರಿಯನ್ನ ಕೀಗೊಂಚಲಿನ ಜೊತೆ ಒಂದೇ ಜೇಬಿಗೆ ತುರುಕಬೇಡಿ. ವಿಮಾನದಲ್ಲಿ ಅದು ನಿಮ್ಮ ಕೈಚೀಲದಲ್ಲಿರಬೇಕು, ಚೆಕ್ ಇನ್ ಬ್ಯಾಗಿನಲ್ಲಿ ಅಲ್ಲ.

ಈ ಮಾತಿಗೆ 2024ರಲ್ಲಿ ಭಯಂಕರವಾದ ಇನ್ನೊಂದು ಅರ್ಥ ಬಂತು. ಸೆಪ್ಟೆಂಬರ್ 17ರಂದು ಲೆಬನಾನಿನಲ್ಲಿ ಪೇಜರ್‌ಗಳು ಸಿಡಿದವು, ಮರುದಿನ ಕೈರೇಡಿಯೋಗಳು. ಎರಡೂ ದಿನ ಸೇರಿ ಹತ್ತಾರು ಜನ ಸತ್ತರು, ಸಾವಿರಾರು ಜನ ಗಾಯಗೊಂಡರು. ಸತ್ತವರಲ್ಲಿ ಮಕ್ಕಳೂ ಇದ್ದರು. ಸಿಡಿದ ರೇಡಿಯೋಗಳ ಮೇಲೆ ಐಕಾಮ್ ಕಂಪನಿಯ ಐಸಿ-ವಿ82 ಅಂತ ಬರೆದಿತ್ತು. ಹ್ಯಾಮ್‌ಗಳಿಗೆ ಚೆನ್ನಾಗಿ ಗೊತ್ತಿರುವ ಮಾದರಿ ಅದು. ಕಂಪನಿ ಹೇಳಿದ್ದೇನೆಂದರೆ, ಆ ಮಾದರಿಯನ್ನೂ ಅದರ ಬ್ಯಾಟರಿಯನ್ನೂ ಮಾಡೋದು ನಿಲ್ಲಿಸಿ ಹತ್ತು ವರ್ಷ ಆಗಿದೆ, ಅಸಲಿ ಅಂತ ಗುರುತಿಸುವ ಹೊಲೊಗ್ರಾಮ್ ಚೀಟಿ ಇವುಗಳಲ್ಲಿ ಕಾಣುತ್ತಿಲ್ಲ ಅಂತ. ಅದು ಬ್ಯಾಟರಿ ಕೆಟ್ಟು ಆದ ಅಪಘಾತ ಅಲ್ಲ, ಬೇಕಂತಲೇ ಸ್ಫೋಟಕ ಅಡಗಿಸಿಟ್ಟದ್ದು. ನಮ್ಮಂಥ ಹವ್ಯಾಸಿಗಳ ಮೇಲೆ ಯಾರೂ ಹಾಗೆ ಮಾಡಲಿಕ್ಕಿಲ್ಲ. ಆದರೆ ಕೆಲಸದಲ್ಲಿ 'ಸಪ್ಲೈ ಚೈನ್ ಅಟ್ಯಾಕ್' ಅಂತ ದಿನಾ ಮಾತಾಡೋ ನಮಗೆ, ಕೈಗೆ ಬಂದ ವಸ್ತು ಎಲ್ಲಿಂದ ಬಂತು ಅಂತ ಕೇಳೋದು ಯಾಕೆ ಮುಖ್ಯ ಅನ್ನೋದನ್ನ ಇದಕ್ಕಿಂತ ಕ್ರೂರವಾಗಿ ಯಾರೂ ಹೇಳಿಕೊಡಲಾರರು.

ಕೊನೆಯದು ಲೈಸೆನ್ಸ್. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರ ಶುರುಮಾಡಿದ್ದರು. ನಾಲ್ಕೇ ವರ್ಷಕ್ಕೆ, 1939ರಲ್ಲಿ ಯುದ್ಧ ಶುರುವಾದದ್ದೇ ತಡ, ಬ್ರಿಟಿಷ್ ಸರ್ಕಾರ ಹ್ಯಾಮ್‌ಗಳ ಲೈಸೆನ್ಸ್ ರದ್ದು ಮಾಡಿ ಉಪಕರಣ ಒಪ್ಪಿಸಿ ಅಂದಿತು. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಸಿಕ್ಕಿಬೀಳಬಾರದು ಅಂತ ಜಾಗ ಬದಲಿಸುತ್ತಾ ಹೋದರೂ ಮೂರು ತಿಂಗಳಿಗೆ ಸಿಕ್ಕಿಬಿದ್ದು ಜೈಲಿಗೆ ಹೋದರು. ರೇಡಿಯೋದಲ್ಲಿ ಮಾತಾಡೋದು ಅಂದ್ರೆ ನಾನು ಇಲ್ಲಿದ್ದೀನಿ ಅಂತ ಊರಿಗೆಲ್ಲ ಕೂಗಿ ಹೇಳಿದ ಹಾಗೆ. ಸರ್ಕಾರಗಳಿಗೆ ಈ ಯಂತ್ರದ ಮೇಲಿನ ಅನುಮಾನ ಅಂದಿನಿಂದಲೂ ಇದೆ.

ಸ್ವಾತಂತ್ರ್ಯ ಬಂದಮೇಲೂ ಲೈಸೆನ್ಸ್ ಪದ್ಧತಿ ಉಳೀತು. 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಪರೀಕ್ಷೆ ಬರೆದು ಪಾಸಾಗಬೇಕು. ಹನ್ನೆರಡು ವರ್ಷ ತುಂಬಿದವರು ಬರೀಬಹುದು. ಬಿಇ ಮಾಡಿದವರಿಗೆ ಕಷ್ಟವೇನಿಲ್ಲ, ನಾಲ್ಕು ಭಾನುವಾರ ಓದಿದರೆ ಸಾಕು. ಟ್ರೆಕ್ಕಿಂಗ್‌ಗೆ ಅಂತ ಆನ್‌ಲೈನ್‌ನಲ್ಲಿ ರೇಡಿಯೋ ತರಿಸಿಕೊಂಡು ಸಿಕ್ಕ ಚಾನೆಲ್‌ನಲ್ಲಿ ಮಾತಾಡೋರನ್ನ ನೋಡಿದ್ದೀನಿ. ಈ ಅಗ್ಗದ ರೇಡಿಯೋಗಳು ಪೊಲೀಸರ, ಆಂಬುಲೆನ್ಸಿನ ಆವರ್ತನಕ್ಕೂ ಹೋಗಿ ಕೂರಬಲ್ಲವು. ನೀವು 'ಬಿಸ್ಕೆಟ್ ಯಾರ ಬ್ಯಾಗಲ್ಲಿದೆ' ಅಂತ ಕೇಳುವಾಗ ಅಲ್ಲಿ ಯಾರದೋ ಜೀವದ ಮಾತು ಅಳಿಸಿಹೋಗಬಹುದು. ಲೈಸೆನ್ಸ್ ಬೇಡ, ಗೆಳೆಯರ ಜೊತೆ ಮಾತಾಡಿದರೆ ಸಾಕು ಅನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಮ್ಮಿ ಶಕ್ತಿಯ ಸೆಟ್ಟುಗಳಿಗೆ ಅವಕಾಶ ಇದೆ. ಅದಕ್ಕೆಂದೇ ಮಾಡಿದ, ಒಪ್ಪಿಗೆ ಪಡೆದ ಸೆಟ್ಟನ್ನೇ ಕೊಳ್ಳಿ.

ಇಷ್ಟೆಲ್ಲ ಕೇಳಿ, ಫೋನ್ ಇರುವಾಗ ಈ ರಗಳೆ ಯಾಕೆ ಅನ್ನಬಹುದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಲ್ಲಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡೋದೇ ಉದ್ದೇಶ, ಪೂರ್ತಿ ಹವ್ಯಾಸ. 26ರಂದು ಸುನಾಮಿ ಬಂತು. ಫೋನ್ ಸಂಪರ್ಕ ಬಿದ್ದುಹೋಯಿತು. ಹವ್ಯಾಸಕ್ಕೆ ತಂದ ಸೆಟ್ಟಿನಿಂದಲೇ ಅವರು ದ್ವೀಪಗಳ ಸುದ್ದಿಯನ್ನ ಮುಖ್ಯಭೂಮಿಗೆ ಮುಟ್ಟಿಸುತ್ತಾ ಕೂತರು. ನಮ್ಮವರು ಬದುಕಿದ್ದಾರಾ ಅಂತ ಕಾಯುತ್ತಿದ್ದ ಮನೆಗಳಿಗೆ ಉತ್ತರ ಹೋದದ್ದು ಈ ದಾರಿಯಲ್ಲಿ.

ಆ ದಿನ ಅವರ ಹತ್ತಿರ ಇದ್ದದ್ದು ಕೈರೇಡಿಯೋಗಿಂತ ದೊಡ್ಡ ಸೆಟ್ಟು, ನಿಜ. ಆದರೆ ಗುಡ್ಡದ ಮೇಲೆ ಕಾಲು ಉಳುಕಿದಾಗ, ಹೊಳೆ ಉಕ್ಕಿ ಟವರ್ ಸತ್ತಾಗ ನಿಮ್ಮ ಕೈಯಲ್ಲಿರೋದು ಕೈರೇಡಿಯೋನೇ. ಅವತ್ತು ಬ್ಯಾಟರಿ ಊದಿಕೊಂಡಿರಬಾರದು, ಆಂಟೆನಾ ಮುರಿದಿರಬಾರದು, ಯಾವ ಚಾನೆಲ್‌ನಲ್ಲಿ ಯಾರನ್ನ ಕರೆಯಬೇಕು ಅಂತ ಗೊತ್ತಿರಬೇಕು. ಗುಡುಗು ಶುರುವಾದರೆ ಶಿಖರದಿಂದ ಇಳಿದ ಮೇಲೆ ಮಾತಾಡಬೇಕು ಅನ್ನೋದೂ ಗೊತ್ತಿರಬೇಕು.

ಮೊದಲ ಪುಟ ಓದೋಕೆ ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷದ ಓದನ್ನ ನಮಗಾಗಿ ಬರೆಸಿಟ್ಟವರಲ್ಲಿ ಸೆಂಗೆನಿತ್‌ನ ಆ 439 ಜನರೂ ಇದ್ದಾರೆ.