ಮಾವನವರ ಪೆಟ್ಟಿಗೆ

ಕಳೆದ ದೀಪಾವಳಿಯಲ್ಲಿ ನನ್ನ ಸೋದರಮಾವನವರ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಮಾವನವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮಿಲ್ಲಿಂಗ್ ಯಂತ್ರದ ಮುಂದೆ ನಿಂತೇ ಆಯುಷ್ಯ ಕಳೆದವರು. ತೀರಿಕೊಂಡು ಇಪ್ಪತ್ತು ವರ್ಷಗಳಾದವು. "ಭಾವ, ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ, ಕೊಟ್ಟುಬಿಡಲೇ?" ಎಂದು ಅವರ ಮಗ ಕೇಳಿದ. ಎರಡು ದಿನ ತಡೆ ಎಂದು ಹೇಳಿ ಪೆಟ್ಟಿಗೆಯನ್ನು ನನ್ನ ಮನೆಗೆ ತಂದೆ.

ಅದರಲ್ಲಿದ್ದ ಮೈಕ್ರೋಮೀಟರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ನನ್ನ ಶಿಷ್ಯರಿಗೆ ಪ್ರಯೋಗಶಾಲೆಯ ಸ್ಕ್ರೂ ಗೇಜ್ ನೆನಪಿರಬಹುದು, ಅದೇ ವಂಶದ್ದು. ತಯಾರಕರ ಹೆಸರು ಸವೆದುಹೋಗಿತ್ತು. ತಿರುಗುವ ಕೊಳವೆಯ ಮೇಲಿನ ಭಾಗಗಳನ್ನು ಎಣಿಸಿದೆ, 25 ಇದ್ದವು. ಮಿಲಿಮೀಟರಿನ ಉಪಕರಣವಾದರೆ ಸಾಮಾನ್ಯವಾಗಿ 50 ಇರುತ್ತವೆ. 25 ಇದ್ದರೆ ಅಂಗುಲದ್ದು: ಒಂದು ಸುತ್ತಿಗೆ ತಿರುಪು ಅಂಗುಲದ 40ನೆಯ ಒಂದು ಭಾಗ ಸರಿಯುತ್ತದೆ, ಒಂದು ಗೆರೆಗೆ ಸಾವಿರದ ಒಂದು ಭಾಗ. ನಮ್ಮಲ್ಲಿ ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ. ಆದರೆ ಅಂಗುಲದ ಯಂತ್ರಗಳು ಆಮೇಲೂ ಉಳಿದಿದ್ದುದರಿಂದ, ಇಷ್ಟರಿಂದಲೇ ವಯಸ್ಸನ್ನು ನಿರ್ಧರಿಸುವುದು ದುಡುಕಾದೀತು.

ಈ ತಿರುಪು ಮೊದಲು ಅಳೆದದ್ದು ಲೋಹವನ್ನಲ್ಲ, ಆಕಾಶವನ್ನು. 1630ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೊಯಿನ್ ಇದನ್ನು ದೂರದರ್ಶಕಕ್ಕೆ ಅಳವಡಿಸಿದ. 1644ರಲ್ಲಿ ಎಳೆಯ ವಯಸ್ಸಿನಲ್ಲೇ ಯುದ್ಧದಲ್ಲಿ ಮಡಿದ. ಕೈಯಲ್ಲಿ ಹಿಡಿಯುವ ಮೈಕ್ರೋಮೀಟರಿಗೆ ಪ್ಯಾರಿಸಿನ ಪಾಮರ್ 1848ರಲ್ಲಿ ಪೇಟೆಂಟ್ ಪಡೆದ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಬ್ರೌನ್ ಮತ್ತು ಶಾರ್ಪ್ ಊರಿಗೆ ಮರಳಿ ಅಂಥದನ್ನೇ ತಯಾರಿಸತೊಡಗಿದರು.

ನನ್ನನ್ನು ಕಾಡಿದ್ದು ಇನ್ನೊಂದು ವಸ್ತು: ವರ್ತುಲ ವರ್ತುಲವಾಗಿ ತೂತುಗಳಿದ್ದ ಕಬ್ಬಿಣದ ಬಿಲ್ಲೆ. ಅತ್ತೆಯವರು ಅದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದರಂತೆ. ಜೊತೆಗೆ ಮಾವನವರ ಕೈಬರಹದ ಒಂದು ಚೀಟಿ: "28, 1, 9, 21", ಕೆಳಗೆ "33, 1, 7, 33". ಮನೆಯವರೆಲ್ಲ ಅದನ್ನು ಯಾವುದೋ ಬಡ್ಡಿಸಾಲದ ಲೆಕ್ಕವೆಂದೇ ನಂಬಿದ್ದರು.

ಊದಿನಕಡ್ಡಿಯ ತುದಿಯಿಂದ ತೂತುಗಳನ್ನು ಒಂದೊಂದಾಗಿ ಎಣಿಸಿದೆ. 21, 23, 27, 29, 31, 33. ಇದು ಬ್ರೌನ್ ಅಂಡ್ ಶಾರ್ಪ್ ಪದ್ಧತಿಯ ಎರಡನೆಯ ಇಂಡೆಕ್ಸ್ ಪ್ಲೇಟ್. ಮಿಲ್ಲಿಂಗ್ ಯಂತ್ರದ ಡಿವೈಡಿಂಗ್ ಹೆಡ್‌ನಲ್ಲಿ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಒಳಗಿನ ವಸ್ತು ಒಂದು ಸುತ್ತು ತಿರುಗುತ್ತದೆ. 28 ಹಲ್ಲುಗಳ ಗೇರ್ ಕೊರೆಯಬೇಕೆನ್ನಿ. 40ನ್ನು 28ರಿಂದ ಭಾಗಿಸಿದರೆ ಒಂದು ಪೂರ್ಣ, ಏಳನೆಯ ಮೂರು. ಅಂದರೆ 21ನೆಯ 9. ಒಂದು ಇಡೀ ಸುತ್ತು, ಬಳಿಕ 21ರ ವರ್ತುಲದಲ್ಲಿ 9 ತೂತುಗಳಷ್ಟು ಮುಂದೆ. ಚೀಟಿಯ ಮೊದಲ ಸಾಲು ಅದೇ!

ಚಿಕ್ಕಂದಿನಲ್ಲಿ ನಾನು ಈ ಬಿಲ್ಲೆ ಏನೆಂದು ಕೇಳಿದಾಗ ಮಾವನವರು "ಇದು ನನ್ನ ಲೆಕ್ಕದ ಪುಸ್ತಕ ಕಣೋ" ಎಂದಿದ್ದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರ ತಮಾಷೆಯೆಂದು ನಕ್ಕಿದ್ದೆ. ಅನಂತರ ನಾನು ಜೀವನಪೂರ್ತಿ ಮಕ್ಕಳಿಗೆ ಭಿನ್ನರಾಶಿ ಕಲಿಸಿದೆ. ಅವರನ್ನು ಒಂದು ಮಾತು ಕೇಳಲಿಲ್ಲ.

ಪೆಟ್ಟಿಗೆ ಗುಜರಿಗೆ ಹೋಗಲಿಲ್ಲ. ತೊಂಬತ್ತು ದಾಟಿದ ಅತ್ತೆಯವರಿಗೆ ಫೋನಿನಲ್ಲಿ ಚೀಟಿಯ ಅರ್ಥವನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರು ಯಾರಿಗೂ ಕೊಡೋದು ಇರಲಿಲ್ಲವೇನಪ್ಪಾ?" ಎಂದರು.