ರಾಸ್ಟರ್ ಚಿತ್ರಗಳ ಜಿಯೊರೆಫರೆನ್ಸಿಂಗ್

ಸ್ಕ್ಯಾನ್ ಮಾಡಿದ ಹಳೆಯ ನಕ್ಷೆ, ವಿಮಾನದಿಂದ ತೆಗೆದ ಫೋಟೊ, ಉಪಗ್ರಹ ಕಳಿಸಿದ ಚಿತ್ರ ಇವುಗಳ ಪ್ರತಿಯೊಂದು ಚುಕ್ಕೆಯೂ ಭೂಮಿಯ ಮೇಲೆ ಎಲ್ಲಿ ಬೀಳುತ್ತದೆ ಎಂಬುದನ್ನು ನಿರ್ದೇಶಾಂಕಗಳಲ್ಲಿ ಗೊತ್ತುಪಡಿಸುವ ವಿಧಾನ. ಸ್ಥಾನ ಖಚಿತವಾಗಿ ಗೊತ್ತಿರುವ ಕೆಲವು ಬಿಂದುಗಳನ್ನು ಚಿತ್ರದಲ್ಲಿ ಗುರುತಿಸಿ, ಅವುಗಳ ಆಧಾರದಿಂದ ಉಳಿದ ಚುಕ್ಕೆಗಳ ಸ್ಥಾನವನ್ನು ಲೆಕ್ಕ ಹಾಕಲಾಗುತ್ತದೆ. ಆಧಾರವಾಗುವ ಬಿಂದುಗಳಿಗೆ ಕಂಟ್ರೋಲ್ ಪಾಯಿಂಟ್ ಎಂದು ಹೆಸರು. ಇಂದು ಇದು ಕಂಪ್ಯೂಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಇದರ ಹಿಂದಿನ ಗಣಿತವೂ ಕೈಚಳಕವೂ ಕಂಪ್ಯೂಟರಿಗಿಂತ ಹಳೆಯವು.

ಮೂಲತತ್ತ್ವ

ರಾಸ್ಟರ್ ಎಂಬುದು ಹಲುಬೆಯಂಥ ಹಲ್ಲುಗಳುಳ್ಳ ಸಲಕರಣೆಯನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದದ್ದು. ಹಲುಬೆ ಎಳೆದ ಹೊಲದ ಗೆರೆಗಳಂತೆ ಚಿತ್ರವು ಸಾಲು ಸಾಲಾಗಿ, ಸಾಲೊಳಗೆ ಚೌಕ ಚೌಕವಾಗಿ ಇರುತ್ತದೆ. ಇಂಥ ಚಿತ್ರಕ್ಕೆ ತನ್ನ ಸಾಲು ಮತ್ತು ಕಂಬಸಾಲುಗಳ ಎಣಿಕೆ ಮಾತ್ರ ಗೊತ್ತು. ತಾನು ತೋರಿಸುತ್ತಿರುವ ಊರು ಯಾವುದೆಂದು ಗೊತ್ತಿಲ್ಲ. ಈ ಎಣಿಕೆಯನ್ನು ಅಕ್ಷಾಂಶ–ರೇಖಾಂಶಕ್ಕೋ ಮೀಟರ್ ಲೆಕ್ಕಕ್ಕೋ ಬದಲಿಸುವ ಸೂತ್ರವನ್ನು ಕಂಡುಕೊಳ್ಳುವುದೇ ಜಿಯೊರೆಫರೆನ್ಸಿಂಗ್.

ಸೂತ್ರ ಸರಳವಾದಷ್ಟೂ ಬೇಕಾಗುವ ಬಿಂದುಗಳು ಕಡಿಮೆ. ಚಿತ್ರವನ್ನು ಸರಿಸಿ, ತಿರುಗಿಸಿ, ಎಲ್ಲ ಕಡೆಗೂ ಒಂದೇ ಸಮನೆ ಹಿಗ್ಗಿಸುವುದಾದರೆ 2 ಬಿಂದು ಸಾಕು. ಇದಕ್ಕೆ ಜರ್ಮನಿಯ ಭೂಮಾಪನ ವಿಜ್ಞಾನಿ ಹೆಲ್ಮರ್ಟ್ ಅವರ ಹೆಸರಿದೆ. ಉದ್ದಗಲಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಸಿ ಓರೆಯನ್ನೂ ತಿದ್ದುವ ಅಫೈನ್ ವಿಧಾನಕ್ಕೆ 3 ಬೇಕು. ಕಾಗದ ಅಲ್ಲಲ್ಲಿ ಬಾಗಿದ್ದರೆ ಎರಡನೆಯ ಘಾತದ ಬಹುಪದಿಗೆ 6, ಮೂರನೆಯದಕ್ಕೆ 10. ರೂಢಿಯಲ್ಲಿ ಇದಕ್ಕಿಂತ ಹೆಚ್ಚು ಬಿಂದುಗಳನ್ನು ಕೊಟ್ಟು, ಎಲ್ಲದರ ತಪ್ಪನ್ನೂ ಕನಿಷ್ಠ ವರ್ಗ ವಿಧಾನದಿಂದ ಹಂಚಲಾಗುತ್ತದೆ. ಈ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ, ಜರ್ಮನಿಯ ಗೌಸ್ 1809ರಲ್ಲಿ ಪ್ರಕಟಿಸಿದ್ದರು. ಹಂಚಿದ ಮೇಲೂ ಉಳಿಯುವ ಸರಾಸರಿ ತಪ್ಪನ್ನು ತಂತ್ರಾಂಶ ಆರ್‌ಎಂಎಸ್ ಎಂಬ ಸಂಖ್ಯೆಯಾಗಿ ತೋರಿಸುತ್ತದೆ.

ಕಂಪ್ಯೂಟರಿಗೆ ಮೊದಲು

ಚಿತ್ರವನ್ನು ನೆಲಕ್ಕೆ ಕೂಡಿಸಬೇಕಾದರೆ ನೆಲದ ಮೇಲಿನ ಬಿಂದುಗಳ ಸ್ಥಾನ ಮೊದಲು ತಿಳಿದಿರಬೇಕು. ಭಾರತದಲ್ಲಿ ಆ ಅಡಿಪಾಯ ಹಾಕಿದವರು ವಿಲಿಯಂ ಲ್ಯಾಂಬ್ಟನ್. ನಾಲ್ಕನೆಯ ಮೈಸೂರು ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಅವರು ಬೆಂಗಳೂರಿನ ಬಳಿ 7 ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ರೇಖೆಯಿಂದ ಮಹಾ ತ್ರಿಕೋನಮಿತೀಯ ಸರ್ವೆ ಆರಂಭವಾಯಿತು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದು ತ್ರಿಕೋನಗಳ ಲೆಕ್ಕ ತಾಳೆ ಬೀಳುವುದೇ ಎಂದು ನೋಡಲಾಯಿತು. ಅನಂತರ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಕೊಟ್ಟ ಅಳತೆಯೇ ಸರ್ವೆ ಆಫ್ ಇಂಡಿಯಾದ ನಕ್ಷೆಗಳಿಗೆ ತಳಹದಿಯಾಗಿ ಬಹುಕಾಲ ಉಳಿಯಿತು.

ಫೋಟೊಗಳ ವಿಷಯದಲ್ಲಿ ತೊಡಕು ಬೇರೆ. ಓಲಾಡುವ ಬಲೂನಿನಿಂದಲೋ ವಿಮಾನದಿಂದಲೋ ತೆಗೆದ ಚಿತ್ರದಲ್ಲಿ ಚೌಕದ ಗದ್ದೆ ಓರೆಯಾಗಿ ಮೂಡುತ್ತದೆ. ಆಸ್ಟ್ರಿಯದ ಥಿಯೊಡೋರ್ ಶೈಂಪ್‌ಫ್ಲೂಗ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದಕ್ಕೆ ದೃಗ್ವಿಜ್ಞಾನದ ಪರಿಹಾರ ಕಂಡುಕೊಂಡರು: ನೆಗೆಟಿವ್, ಮಸೂರ, ಪರದೆ ಮೂರನ್ನೂ ತಕ್ಕ ಕೋನಗಳಿಗೆ ಓರೆ ಮಾಡಿ ಮರುಮುದ್ರಿಸಿದರೆ ಓರೆ ಚಿತ್ರ ನೇರವಾಗುತ್ತದೆ. ಈ ತತ್ತ್ವದ ಮೇಲೆ ಬಂದ ರೆಕ್ಟಿಫೈಯರ್ ಯಂತ್ರದಲ್ಲಿ, ಕತ್ತಲ ಕೋಣೆಯ ಮೇಜಿನ ಮೇಲೆ ಕಂಟ್ರೋಲ್ ಪಾಯಿಂಟುಗಳನ್ನು ಗುರುತಿಸಿದ ಹಾಳೆ ಹರಡಿ, ಫೋಟೊದಲ್ಲಿನ ಅದೇ ನಾಲ್ಕು ಜಾಗಗಳು ಆ ಗುರುತುಗಳ ಮೇಲೆ ಸರಿಯಾಗಿ ಬೀಳುವ ತನಕ ಹಿಡಿಗಳನ್ನು ತಿರುಗಿಸುತ್ತಿದ್ದರು. ಇಂದಿನ ತಂತ್ರಾಂಶದ ಕ್ಲಿಕ್ಕುಗಳಿಗೆ ಈ ಹಿಡಿಗಳೇ ಪೂರ್ವಜರು. ಆದರೆ ಬೆಟ್ಟದ ತುದಿ ಫೋಟೊದಲ್ಲಿ ಹೊರಕ್ಕೆ ವಾಲಿದಂತೆ ಕಾಣುವ ದೋಷ ಇದರಿಂದ ಹೋಗಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೆಯಲ್ಲಿ ರಸೆಲ್ ಬೀನ್ 1950ರ ದಶಕದಲ್ಲಿ ರೂಪಿಸಿದ ಆರ್ಥೊಫೋಟೊಸ್ಕೋಪ್, ನೆಲದ ಏರಿಳಿತಕ್ಕೆ ತಕ್ಕಂತೆ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ತಿದ್ದಿ ಈ ಕೊರತೆ ತುಂಬಿತು.

ಉಪಗ್ರಹ ಚಿತ್ರಗಳ ಕಾಲ

1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಮಗುವಿನ ಫೋಟೊವನ್ನು 176 ಸಾಲು, 176 ಕಂಬಸಾಲುಗಳಾಗಿ ಕಂಪ್ಯೂಟರಿಗೆ ಇಳಿಸಿದರು. ಹದಿನೈದು ವರ್ಷದ ಮೇಲೆ, 1972ರ ಜುಲೈ 23ರಂದು ಹಾರಿದ ಲ್ಯಾಂಡ್‌ಸ್ಯಾಟ್-1 ಅದೇ ಬಗೆಯ ಚೌಕಗಳಲ್ಲಿ ಭೂಮಿಯನ್ನೇ ಕಳಿಸತೊಡಗಿತು. ಪ್ರತಿ ಚೌಕ ನೆಲದ ಮೇಲೆ ಸುಮಾರು 80 ಮೀಟರ್.

ಈ ಚಿತ್ರಗಳು ಹುಟ್ಟುವಾಗಲೇ ಓರೆ. 185 ಕಿ.ಮೀ. ಉದ್ದದ ಒಂದು ಚಿತ್ರ ಮುಗಿಯಲು ಅರ್ಧ ನಿಮಿಷಕ್ಕಿಂತ ತುಸು ಕಡಿಮೆ ಹೊತ್ತು ಬೇಕು. ಅಷ್ಟರಲ್ಲಿ ಕೆಳಗಿನ ಭೂಮಿ, ಸಮಭಾಜಕದ ಬಳಿ, 10 ಕಿ.ಮೀ.ಗೂ ಹೆಚ್ಚು ಪೂರ್ವಕ್ಕೆ ತಿರುಗಿರುತ್ತದೆ. ಉಪಗ್ರಹವೂ ಚಲಿಸುತ್ತ, ಭೂಮಿಯೂ ತಿರುಗುತ್ತ ಇರುವಾಗ ಹೊಂದುವ ನಕ್ಷಾ ಪ್ರಕ್ಷೇಪ, ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಸೂತ್ರ, ಯಾವುದು ಎಂಬುದು ಪ್ರಶ್ನೆ. ಅಮೆರಿಕದ ಭೂವೈಜ್ಞಾನಿಕ ಸರ್ವೆಯ ಆಲ್ಡೆನ್ ಕೊಲ್ವೊಕೊರೆಸಿಸ್ ಅಂಥ ಪ್ರಕ್ಷೇಪದ ಕಲ್ಪನೆ ಕೊಟ್ಟರು. ಸಮೀಕರಣಗಳು ಮಾತ್ರ ಸಿಗಲಿಲ್ಲ. 1976ರ ಸಮ್ಮೇಳನವೊಂದರಲ್ಲಿ ಈ ಸಮಸ್ಯೆಯನ್ನು ಕೇಳಿಸಿಕೊಂಡ ಜಾನ್ ಸ್ನೈಡರ್ ವೃತ್ತಿಯಿಂದ ರಾಸಾಯನಿಕ ಎಂಜಿನಿಯರ್, ನಕ್ಷೆ ಅವರ ಹವ್ಯಾಸ. ಬಿಡುವಿನ ವೇಳೆಯಲ್ಲಿ, ಜೇಬಿನ ಕ್ಯಾಲ್ಕುಲೇಟರ್ ಹಿಡಿದು ಅವರು ಕೆಲವೇ ತಿಂಗಳಲ್ಲಿ ಸಮೀಕರಣಗಳನ್ನು ಬಿಡಿಸಿದರು. ಅದೇ ಸ್ಪೇಸ್ ಆಬ್ಲಿಕ್ ಮರ್ಕೇಟರ್ ಪ್ರಕ್ಷೇಪ. ಮುಂದೆ ಆ ಸಂಸ್ಥೆಯೇ ಅವರನ್ನು ಕೆಲಸಕ್ಕೆ ಕರೆದುಕೊಂಡಿತು.

ಭಾರತದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಹಾರಿತು. ಅದರ ಕ್ಯಾಮೆರಾಗಳ ಸ್ಪಷ್ಟತೆ 72.5 ಮತ್ತು 36.25 ಮೀಟರ್. 2005ರ ಕಾರ್ಟೊಸ್ಯಾಟ್-1 ಇದನ್ನು 2.5 ಮೀಟರಿಗೆ ಇಳಿಸಿತು. ಚೌಕ ಚಿಕ್ಕದಾದಂತೆ ಕಂಟ್ರೋಲ್ ಪಾಯಿಂಟ್ ಕೂಡ ಅಷ್ಟೇ ಖಚಿತವಾಗಿರಬೇಕಾಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿದ್ದರಿಂದ, ಕೈಯಲ್ಲಿ ಹಿಡಿಯುವ ಸಾಧನದಿಂದಲೇ ಸಾಧಾರಣ ಮಟ್ಟದ ಬಿಂದುಗಳನ್ನು ಸಂಗ್ರಹಿಸುವುದು ಸಾಧ್ಯವಾಗಿತ್ತು.

ಕಡತಕ್ಕೆ ವಿಳಾಸ

ಕೂಡಿಸಿದ ಚಿತ್ರವನ್ನು ಇನ್ನೊಬ್ಬರಿಗೆ ಕೊಟ್ಟಾಗ ವಿಳಾಸ ಕಳೆದುಹೋಗದಂತೆ ನೋಡಿಕೊಳ್ಳಲು ಎರಡು ಉಪಾಯಗಳು ಬಂದವು. ಮೊದಲನೆಯದು ಎಸ್ರಿ ಸಂಸ್ಥೆಯ ತಂತ್ರಾಂಶಗಳಿಂದ ಹರಡಿದ ವರ್ಲ್ಡ್ ಫೈಲ್. ಚಿತ್ರದ ಪಕ್ಕದಲ್ಲಿರುವ ಈ ಪುಟ್ಟ ಕಡತದಲ್ಲಿ ಆರೇ ಸಾಲು, ಸಾಲಿಗೊಂದು ಸಂಖ್ಯೆ: ಚೌಕದ ಅಗಲ, ಎರಡು ಓರೆಯ ಅಂಕಿಗಳು, ಚೌಕದ ಎತ್ತರ, ಎಡ ಮೇಲ್ತುದಿಯ ಚೌಕದ ನಡುಬಿಂದುವಿನ ಪೂರ್ವ ಮತ್ತು ಉತ್ತರ ಸ್ಥಾನ. ಎತ್ತರದ ಸಂಖ್ಯೆಗೆ ಸಾಮಾನ್ಯವಾಗಿ ಋಣ ಚಿಹ್ನೆ ಇರುತ್ತದೆ. ಚಿತ್ರದ ಸಾಲುಗಳ ಎಣಿಕೆ ಕೆಳಕ್ಕೆ ಸಾಗಿದರೆ ಭೂಮಿಯ ಉತ್ತರದ ಎಣಿಕೆ ಮೇಲಕ್ಕೆ ಸಾಗುತ್ತದೆ. ಯಾವ ಪ್ರಕ್ಷೇಪ, ಭೂಮಿಯ ಯಾವ ಆಕಾರ ಎಂಬುದನ್ನು ಹೇಳಲು ಇದರಲ್ಲಿ ಜಾಗವಿಲ್ಲ.

ಎರಡನೆಯದು ಜಿಯೊಟಿಫ್. 1990ರ ದಶಕದ ಮೊದಲ ಭಾಗದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನೈಲ್ಸ್ ರಿಟರ್ ಆರಂಭಿಸಿದ ಈ ಕೆಲಸದಿಂದ 1995ರಲ್ಲಿ ಮೊದಲ ನಿರ್ದಿಷ್ಟ ರೂಪ ಬಂತು. ಇಲ್ಲಿ ಪ್ರಕ್ಷೇಪ, ಎಲಿಪ್ಸಾಯ್ಡ್ (ಭೂಮಿಗೆ ಇಟ್ಟುಕೊಂಡ ಆಕಾರ), ಅಳತೆ ಎಲ್ಲವೂ ಚಿತ್ರದ ಕಡತದೊಳಗೇ ಇರುತ್ತವೆ. ಪ್ರಕ್ಷೇಪಗಳಿಗೆ ತೈಲ ಕಂಪನಿಗಳ ಸರ್ವೆ ತಜ್ಞರ ಕೂಟವಾದ ಇಪಿಎಸ್‌ಜಿ ಕೊಟ್ಟ ಸಂಕೇತಗಳು ಎಲ್ಲರ ರೂಢಿಯಾದವು. ಕರ್ನಾಟಕದ ಬಹುಭಾಗಕ್ಕೆ ಸಲ್ಲುವ, ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ವಿಂಗಡಿಸುವ ಯುಟಿಎಂ ಪ್ರಕ್ಷೇಪದ ವಲಯ 43ರ ಸಂಕೇತ 32643. ವಲಯದ ಗಡಿ 78° ರೇಖಾಂಶವಾದ್ದರಿಂದ ಬೆಂಗಳೂರು 43ರಲ್ಲಿದ್ದರೆ ಕೋಲಾರ, ಮುಳಬಾಗಿಲು 44ರಲ್ಲಿ ಬೀಳುತ್ತವೆ. ಎರಡೂ ಕಡೆಯ ನಕ್ಷೆಗಳನ್ನು ಜೋಡಿಸುವಾಗ ಇದನ್ನು ಮರೆತರೆ ಕೋಲಾರ ನೂರಾರು ಕಿ.ಮೀ. ಆಚೆ ಜಿಗಿಯುತ್ತದೆ.

ತಂತ್ರಾಂಶಗಳು

ಅಮೆರಿಕದ ಸೇನೆಯ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಬೆಳೆದ ಗ್ರಾಸ್, ಅದೇ ಕಾಲದ ಅರ್ಡಾಸ್, ಆರ್ಕ್‌ಇನ್ಫೊಗಳಲ್ಲಿ ಈ ಕೆಲಸಕ್ಕೆ ದುಬಾರಿ ಯಂತ್ರ ಬೇಕಿತ್ತು. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ ಜಿಡಾಲ್ ಎಂಬ ಮುಕ್ತ ತಂತ್ರಾಂಶ ಸಂಗ್ರಹ, ಹತ್ತಾರು ಬಗೆಯ ರಾಸ್ಟರ್ ಕಡತಗಳನ್ನು ಓದುವ, ಬಾಗಿಸುವ ಕೆಲಸವನ್ನು ಎಲ್ಲರ ಕೈಗೆ ತಂದಿತು. ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಕ್ಯೂಜಿಐಎಸ್‌ನ ಜಿಯೊರೆಫರೆನ್ಸರ್ ಇದನ್ನೇ ನೆಚ್ಚಿದೆ. ವಿದ್ಯಾರ್ಥಿಗಳೂ ಸಂಶೋಧಕರೂ ಈ ಕೆಲಸ ಕಲಿಯುವುದು ಹೆಚ್ಚಾಗಿ ಇದರಲ್ಲೇ.

ಒಂದು ಹಾಳೆಯ ಉದಾಹರಣೆ

ಸರ್ವೆ ಆಫ್ ಇಂಡಿಯಾದ 57 ಜಿ/12 ಟೊಪೊಶೀಟ್ ಬೆಂಗಳೂರಿನ ಉತ್ತರ ಭಾಗದ್ದು. ಪೂರ್ವ ರೇಖಾಂಶ 77°30′ರಿಂದ 77°45′, ಉತ್ತರ ಅಕ್ಷಾಂಶ 13°00′ರಿಂದ 13°15′ ಅದರ ಎಲ್ಲೆ. 1:50,000 ಪ್ರಮಾಣದ ಆ ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಚೌಕ ನೆಲದ ಮೇಲೆ ಸುಮಾರು 4.2 ಮೀಟರ್. ಮೂಲೆಗಳಲ್ಲಿ ನಿರ್ದೇಶಾಂಕ ಅಚ್ಚಾಗಿರುವುದರಿಂದ ನಾಲ್ಕು ಬಿಂದುಗಳು ಸಿದ್ಧವಾಗಿಯೇ ಇವೆ.

ತಪ್ಪುವುದು ಇಲ್ಲೇ. ಹಳೆಯ ಹಾಳೆಯ ಆ ಅಂಕಿಗಳು ಎವರೆಸ್ಟ್ ಎಲಿಪ್ಸಾಯ್ಡಿನವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಎರಡರ ಸಮಭಾಜಕ ತ್ರಿಜ್ಯಗಳಲ್ಲಿ ಸುಮಾರು 860 ಮೀಟರ್ ವ್ಯತ್ಯಾಸವಿದೆ, ಕೇಂದ್ರಗಳೂ ಬೇರೆ. ಇದನ್ನು ಹೇಳದೆ ಮೂಲೆಯ ಅಂಕಿಗಳನ್ನು ಹಾಗೆಯೇ ಕೊಟ್ಟರೆ ನಾಲ್ಕೂ ಬಿಂದುಗಳು ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದುತ್ತವೆ, ಆರ್‌ಎಂಎಸ್ ತೀರ ಚಿಕ್ಕದಾಗಿ ಕಾಣುತ್ತದೆ, ಆದರೂ ಇಡೀ ಹಾಳೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಕೂತಿರುತ್ತದೆ. ಉಪಗ್ರಹ ಚಿತ್ರದ ಮೇಲೆ ಹರಡಿ ನೋಡಿದಾಗ ಏರಿಯ ಮೇಲಿನ ರಸ್ತೆ ಕೆರೆಗೆ ಇಳಿದಿರುತ್ತದೆ. ಬಿಂದುಗಳು ತಮ್ಮತಮ್ಮಲ್ಲಿ ಎಷ್ಟು ಹೊಂದಿವೆ ಎಂಬುದನ್ನಷ್ಟೇ ಆರ್‌ಎಂಎಸ್ ಹೇಳಬಲ್ಲದು. ಹಾಗಾಗಿ ಲೆಕ್ಕಕ್ಕೆ ಸೇರಿಸದ ಬೇರೆ ಬಿಂದುಗಳಿಂದ ಒರೆಹಚ್ಚುವುದು ಬಲ್ಲವರ ರೂಢಿ. ಹಳೆಯ ದೇವಸ್ಥಾನ, ಕಲ್ಲಿನ ಸೇತುವೆ, ರಸ್ತೆ ಕೂಡುವ ಜಾಗ ಇದಕ್ಕೆ ಒಳ್ಳೆಯವು. ಮಳೆಗಾಲಕ್ಕೊಮ್ಮೆ ಬೇಸಗೆಗೊಮ್ಮೆ ಸರಿಯುವ ಕೆರೆಯ ನೀರಂಚು ಒಳ್ಳೆಯದಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇರುವುದರಿಂದ ಅವುಗಳಲ್ಲಿ ಈ ತೊಡಕಿಲ್ಲ.

ಗ್ರಂಥಾಲಯಗಳಲ್ಲಿ

2012ರ ಫೆಬ್ರವರಿಯಲ್ಲಿ ಬ್ರಿಟಿಷ್ ಲೈಬ್ರರಿ ತನ್ನ ಹಳೆಯ ನಕ್ಷೆಗಳನ್ನು ಜಾಲದ ಮೇಲಿಟ್ಟು, ಆಸಕ್ತರೇ ಬಿಂದುಗಳನ್ನು ಗುರುತಿಸುವಂತೆ ಕೋರಿತು. 700ಕ್ಕೂ ಹೆಚ್ಚು ನಕ್ಷೆಗಳು ಒಂದು ವಾರದೊಳಗೇ ಮುಗಿದವು. ಸರ್ವೆಗೆ ಮೊದಲಿನ ಇಂಥ ನಕ್ಷೆಗಳಿಗೆ, ಪ್ರತಿ ಬಿಂದುವನ್ನೂ ಅದರ ಜಾಗಕ್ಕೇ ಎಳೆದು ನಡುವಿನದನ್ನು ರಬ್ಬರಿನಂತೆ ಬಾಗಿಸುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನವನ್ನು ಬಳಸುವುದುಂಟು. ಇದರಲ್ಲಿ ಕೊಟ್ಟ ಬಿಂದುಗಳಲ್ಲಿ ತಪ್ಪು ಉಳಿಯುವುದೇ ಇಲ್ಲ. ಆದ್ದರಿಂದ ತಪ್ಪಾಗಿ ಒತ್ತಿದ ಬಿಂದುವೂ ತನ್ನನ್ನು ತೋರಿಸಿಕೊಳ್ಳುವುದಿಲ್ಲ.

ಗ್ರಾಮ ನಕ್ಷೆಗಳು

ಕರ್ನಾಟಕದಲ್ಲಿ ಈ ವಿಧಾನ ಜನಸಾಮಾನ್ಯರನ್ನು ಮುಟ್ಟಿರುವುದು ಗ್ರಾಮ ನಕ್ಷೆಗಳ ಮೂಲಕ. ಮೈಲಿಗೆ 8 ಅಂಗುಲ, ಅಂದರೆ 1:7,920 ಪ್ರಮಾಣದ ಈ ನಕ್ಷೆಗಳು ಸರಪಳಿಯ ಅಳತೆಯವು. 33 ಅಡಿಯ ಸರಪಳಿಗೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಎಕರೆ. ಇವುಗಳಲ್ಲಿ ಅಕ್ಷಾಂಶ–ರೇಖಾಂಶವಿಲ್ಲ. ಮೂರು ಊರುಗಳ ಗಡಿ ಕೂಡುವ ಕಲ್ಲು, ಬಾಂದು ಕಲ್ಲು, ದಾರಿ, ಹಳ್ಳಗಳ ತಿರುವು ಇಂಥವನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ ಕೂಡಿಸಬೇಕು. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ, ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲಿ ಮೂಡುವುದು ಹೀಗೆ ಕೂಡಿಸಿದ ನಕ್ಷೆಗಳಿಂದಲೇ.

1:7,920ರ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಶಾಯಿಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ. ಕಾಗದ ಸುಕ್ಕುಗಟ್ಟಿದ್ದರೆ ಇನ್ನೂ ಹೆಚ್ಚು. ಹೊಲ ಯಾವ ಸರ್ವೆ ನಂಬರಿನದು ಎಂದು ತಿಳಿಯಲು ಇದು ಸಾಕು. ಬದು ಎಲ್ಲಿದೆ ಎಂಬ ತಕರಾರು ತೀರಿಸಲು ಸಾಲದು. ಅದಕ್ಕೆ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಬಂದು ಕಲ್ಲಿನಿಂದ ಕಲ್ಲಿಗೆ ಅಳೆಯಬೇಕು.