ಅವರು ಇಟ್ಟ ಹೆಸರು, ತಾವು ಇಟ್ಟುಕೊಂಡ ಹೆಸರು

ಪದಗಳಲ್ಲೂ ಮೇಲು ಕೀಳು ಇರುತ್ತೆ. ನಂಬಿಕೆ ಬರದಿದ್ದರೆ ಬ್ರಿಟನ್ನಿನ ಪಶ್ಚಿಮಕ್ಕಿರೋ ವೇಲ್ಸ್ ಎಂಬ ಸಣ್ಣ ನಾಡಿನ ಚರಿತ್ರೆ ನೋಡಿ.

ಆ ಜನಕ್ಕೆ 'ವೆಲ್ಷ್' ಅಂತ ಹೆಸರಿಟ್ಟವರು ಅವರಲ್ಲ. ಕಡಲು ದಾಟಿ ಬಂದು ಬ್ರಿಟನ್ನಿನ ನೆಲ ಹಿಡಿದ ಆಂಗ್ಲೋ-ಸ್ಯಾಕ್ಸನ್ನರು. ಅವರ ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲಕ್ಕೆ ಪರಕೀಯ ಅಂತ ಅರ್ಥ. ಬರುಬರುತ್ತಾ ಗುಲಾಮ ಅನ್ನೋ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಮೊದಲಿಂದ ಇದ್ದವರೇ ಪರಕೀಯರು! ಇದು ಗೆದ್ದವರ ನಿಘಂಟು.

ಹಾಗಾದರೆ ಅವರು ತಮ್ಮನ್ನು ಏನಂತ ಕರೆದುಕೊಂಡರು? 'ಕಮ್ರಿ' ಅಂತ. ಹಳೆಯ 'ಕೊಂಬ್ರೊಗಿ'ಯಿಂದ ಬಂದ ಪದ. 'ಕೊಂ' ಅಂದರೆ ಜೊತೆ, 'ಬ್ರೊಗ್' ಅಂದರೆ ಸೀಮೆ. ಒಂದೇ ಸೀಮೆಯವರು, ಒಡನಾಡಿಗಳು.

ಅದೇ ಬೇರಿನ ಇನ್ನೊಂದು ಕುಡಿ ಲ್ಯಾಟಿನ್ನಿನ 'ಮಾರ್ಗೊ'. ಅರ್ಥ, ಅಂಚು. ನಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಎಳೆಯೋ ಮಾರ್ಜಿನ್ ಅದರದೇ ಸಂತತಿ. ವೆಲ್ಷ್‌ನಲ್ಲಿ ಆ ಬೇರು 'ಬ್ರೋ' ಆಗಿ ಉಳಿದಿದೆ. ಅರ್ಥ, ತನ್ನ ಸೀಮೆ, ಹುಟ್ಟಿದ ನಾಡು. ರೋಮಿನವನಿಗೆ ಅಂಚು, ಇವನಿಗೆ ತವರು. ಊರಾಚೆಯ ಕೇರಿಯಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಕ್ರಿ.ಶ. 43ರಲ್ಲಿ ರೋಮಿನ ಸೈನ್ಯ ಬ್ರಿಟನ್ನಿಗೆ ನುಗ್ಗಿತು. ಐದನೇ ಶತಮಾನದ ಆರಂಭಕ್ಕೆ ಆ ಆಳ್ವಿಕೆ ಮುಗಿಯಿತು, ಪದಗಳು ಉಳಿದವು. ಲ್ಯಾಟಿನ್ನಿನ 'ಫೆನೆಸ್ತ್ರ' ಕಿಟಕಿಗೆ 'ಫೆನೆಸ್ಟರ್' ಆಯಿತು, 'ಸ್ಕೊಲಾ' ಶಾಲೆಗೆ 'ಅಸ್ಗೋಲ್' ಆಯಿತು. ಪದ ಸಾಲ ತಂದರು, ನಾಲಿಗೆ ಒತ್ತೆ ಇಡಲಿಲ್ಲ.

ನಾಲಿಗೆಗೆ ಕುತ್ತು ಬಂದದ್ದು ಆಮೇಲೆ. 1536ರ ಕಾಯ್ದೆ ಕೋರ್ಟು ಕಚೇರಿಗೆ ಇಂಗ್ಲಿಷೊಂದೇ ಅಂದಿತು. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ 'ಅಸ್ಗೋಲ್'ಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ತಾಯಿಮಾತು ಆಡಿದರೆ ಅದರ ಕೊರಳಿಗೆ ದಾಟಿಸಬೇಕು. ಕೊನೆಗೆ ಯಾರ ಕೊರಳಲ್ಲಿರುತ್ತೋ ಅವರಿಗೆ ಏಟು. ಇದಕ್ಕೆ 'ವೆಲ್ಷ್ ನಾಟ್' ಅಂತ ಹೆಸರು. ಮಗುವಿನ ಮೇಲೆ ಮಗುವನ್ನೇ ಕಾವಲಿಟ್ಟ ವಿದ್ಯೆ ಇದು.

1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಲೇಖಕ ಈ ಭಾಷೆ ಸಾಯುತ್ತೆ ಅಂತ ರೇಡಿಯೋದಲ್ಲಿ ಎಚ್ಚರಿಸಿದರು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. ಯುವಕ ಯುವತಿಯರು ಇಂಗ್ಲಿಷ್ ಫಲಕಗಳಿಗೆ ಬಣ್ಣ ಬಳಿದರು, ಜೈಲಿಗೆ ಹೋದರು. 2011ರಲ್ಲಿ ವೆಲ್ಷ್ ಅಲ್ಲಿ ಅಧಿಕೃತ ಭಾಷೆಯಾಯಿತು. 2021ರ ಜನಗಣತಿಯಲ್ಲಿ ಅದನ್ನು ಬಲ್ಲೆವು ಅಂದವರು ಸುಮಾರು 5 ಲಕ್ಷ 38 ಸಾವಿರ.

ಗೆಳೆಯರೇ, ಹೆಸರಿಡೋ ಹಕ್ಕು ಯಾರದು ಅನ್ನೋದು ಬರೀ ವ್ಯಾಕರಣದ ಪ್ರಶ್ನೆಯಲ್ಲ. ಅವರು ಪರಕೀಯ ಅಂದರು, ಇವರು ಒಡನಾಡಿ ಅಂದುಕೊಂಡರು. ಮೇಷ್ಟ್ರುಗಳೇ, ನಾಳೆ ಮಕ್ಕಳಿಗೆ ಮಾರ್ಜಿನ್ ಎಳೆಯೋಕೆ ಹೇಳುವಾಗ ಈ ಕತೆಯನ್ನೂ ಹೇಳಿ.